ಕಡಲ ತಾಯಂದಿರ ಹಾಲಿನ ಲೆಕ್ಕ

ತಾಯಿಯ ಹಾಲನ್ನು ಕುರಿತು ನಾವು ಆಡುವ ಮಾತುಗಳು ಬಹುಮಟ್ಟಿಗೆ ಮಗುವಿನ ಕಡೆಯಿಂದ ಆಡುವ ಮಾತುಗಳು. ಹಾಲು ಮಗುವಿಗೆ ಅಮೃತ, ಅದು ರೋಗಗಳಿಂದ ಕಾಯುವ ರಕ್ಷೆ, ಅದಕ್ಕೆ ಸಮನಾದ ಆಹಾರ ಮತ್ತೊಂದಿಲ್ಲ ಎನ್ನುತ್ತೇವೆ. ಅವೆಲ್ಲವೂ ನಿಜ. ಆದರೆ ಆ ಹಾಲು ಎಲ್ಲಿಂದ ಬಂತು, ಅದನ್ನು ಕೊಟ್ಟ ದೇಹದಲ್ಲಿ ಏನು ಕಡಿಮೆಯಾಯಿತು ಎಂದು ಕೇಳುವವರು ವಿರಳ. ಆಯುರ್ವೇದವು ಸ್ತನ್ಯವನ್ನು ರಸಧಾತುವಿನ ಉಪಧಾತುವೆಂದು ಕರೆದಿದೆ. ತಾಯಿ ಉಂಡ ಅನ್ನವು ಪಚನವಾಗಿ ರಸವಾಗಬೇಕು. ಆ ರಸದಿಂದ ಅವಳ ದೇಹವೂ ಪೋಷಣೆಗೊಳ್ಳಬೇಕು, ಹಾಲೂ ಉಂಟಾಗಬೇಕು. ರಸವು ಕ್ಷೀಣಿಸಿದರೆ ಎರಡಕ್ಕೂ ಕೊರತೆ ಬೀಳುತ್ತದೆ.

ಈ ಆದಾಯ ವೆಚ್ಚಗಳ ಲೆಕ್ಕವನ್ನು ಮನುಷ್ಯರಲ್ಲಿ ಬಿಡಿಸಿ ನೋಡುವುದು ಸುಲಭವಲ್ಲ. ತಾಯಿ ದಿನವೂ ಉಣ್ಣುತ್ತಾಳೆ, ದುಡಿಯುತ್ತಾಳೆ, ಮಲಗುತ್ತಾಳೆ. ಬಂದದ್ದು ಹೋದದ್ದು ಒಂದರಲ್ಲೊಂದು ಬೆರೆತುಹೋಗಿರುತ್ತದೆ. ಆದರೆ ಕಡಲಿನ ಕೆಲವು ಜೀವಿಗಳಲ್ಲಿ ಇದೇ ಲೆಕ್ಕವನ್ನು ತಕ್ಕಡಿಯಲ್ಲಿಟ್ಟು ತೂಗಬಹುದು. ಸೀಲ್, ಡಾಲ್ಫಿನ್ ಮತ್ತು ತಿಮಿಂಗಿಲಗಳು ಮೀನುಗಳಲ್ಲ. ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡುವ, ಬಿಸಿರಕ್ತದ, ಮರಿ ಹೆತ್ತು ಹಾಲೂಡಿಸುವ ಸಸ್ತನಿಗಳು. ಕಾರವಾರದ ಕಡಲಿನಲ್ಲಿ ದೋಣಿಯಿಂದ ಡಾಲ್ಫಿನ್ನುಗಳನ್ನು ಕಂಡವರು ನಮ್ಮ ಓದುಗರಲ್ಲಿಯೂ ಇರಬಹುದು. ಈ ಬಳಗದ ಕೆಲವು ತಾಯಂದಿರು ಹಾಲೂಡಿಸುವಷ್ಟು ಕಾಲವೂ ಒಂದು ತುತ್ತನ್ನೂ ತಿನ್ನುವುದಿಲ್ಲ. ಹೊರಗಿನಿಂದ ಏನೂ ಒಳಗೆ ಹೋಗದಿರುವುದರಿಂದ, ಮರಿಯ ಬಾಯಿಗೆ ಹೋದುದೆಲ್ಲ ತಾಯಿಯ ಮೈಯಿಂದಲೇ ಬಂದುದೆಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಪ್ಪತ್ತೇಳು ದಿನಗಳ ನಿರಾಹಾರ

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದ ದಕ್ಷಿಣಕ್ಕೆ, ಆನ್ಯೊ ನುಎವೊ ಎಂಬ ಮರಳತೀರವಿದೆ. ಪ್ರತಿವರ್ಷ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಬಸುರಾದ ಆನೆ ಸೀಲುಗಳು ಅಲ್ಲಿಗೆ ಬಂದು ದಡ ಸೇರುತ್ತವೆ. ಈ ಜಾತಿಯ ಗಂಡಿಗೆ ಸೊಂಡಿಲಿನಂಥ ಜೋತುಬಿದ್ದ ಮೂಗು ಇರುವುದರಿಂದ ಆ ಹೆಸರು ಬಂದಿದೆ. ಸಾಂಟಾ ಕ್ರೂಜ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ನಿ ಲ ಬಫ್, ಡೇನಿಯಲ್ ಕೋಸ್ಟಾ ಮೊದಲಾದ ವಿಜ್ಞಾನಿಗಳು ದಶಕಗಳ ಕಾಲ ಈ ಹಿಂಡನ್ನು ಗಮನಿಸಿದ್ದಾರೆ. ಬಂದ ತಾಯಂದಿರನ್ನು ಗುರುತುಹಾಕಿ, ಹೆರಿಗೆಯ ನಂತರ ಒಮ್ಮೆ ಹಾಗೂ ಹಾಲು ಬಿಡಿಸುವ ಹೊತ್ತಿಗೆ ಮತ್ತೊಮ್ಮೆ ತೂಗಿ, ಏನು ಕಳೆಯಿತು, ಏನು ಕೂಡಿತು ಎಂದು ಬರೆದಿಟ್ಟಿದ್ದಾರೆ.

ಹೆರಿಗೆಯಾದಾಗ ತಾಯಿಯ ತೂಕ ಸರಿಸುಮಾರು 500 ಕೆ.ಜಿ. ಇರುತ್ತದೆ. ಮರಿಯ ತೂಕ 35ರಿಂದ 40 ಕೆ.ಜಿ. ಮುಂದಿನ 27 ದಿನಗಳಷ್ಟು ಕಾಲ ತಾಯಿ ನೀರಿಗಿಳಿಯದೆ, ತಿನ್ನದೆ, ಕುಡಿಯದೆ ಮರಿಯ ಪಕ್ಕದಲ್ಲಿಯೇ ಇದ್ದು ಹಾಲೂಡಿಸುತ್ತದೆ. ಹಾಲು ಬಿಡಿಸುವ ದಿನ ಮರಿ ಸುಮಾರು 130 ಕೆ.ಜಿ. ತೂಗುತ್ತದೆ, ಅಂದರೆ ಹುಟ್ಟಿದಾಗಿನ ಮೂರು ಪಟ್ಟಿಗೂ ಹೆಚ್ಚು. ತಾಯಿಯಾದರೋ ತನ್ನ ತೂಕದ ಪ್ರತಿಶತ 40ರಷ್ಟನ್ನು ಕಳೆದುಕೊಂಡಿರುತ್ತದೆ. ತಾಯಿ ಕಳೆದುಕೊಂಡ ಪ್ರತಿ 2 ಕೆ.ಜಿ.ಗೆ ಮರಿಯ ಮೈಗೆ ಸೇರುವುದು ಸುಮಾರು 1 ಕೆ.ಜಿ. ಮಾತ್ರ. ಉಳಿದುದು ಉಸಿರಾಟಕ್ಕೆ, ಮೈ ಬಿಸಿಯನ್ನು ಕಾಯ್ದುಕೊಳ್ಳುವುದಕ್ಕೆ, ಇಬ್ಬರ ದೇಹವನ್ನು ನಡೆಸುವುದಕ್ಕೆ ವ್ಯಯವಾಗುತ್ತದೆ.

ಇಷ್ಟನ್ನು ಕೊಡಲು ಆ ತಾಯಿಗೆ ಹೇಗೆ ಸಾಧ್ಯವಾಯಿತು? ಹೆರಿಗೆಗೆ ಮುಂಚಿನ ಏಳೆಂಟು ತಿಂಗಳನ್ನು ಅದು ಉತ್ತರ ಪೆಸಿಫಿಕ್ ಮಹಾಸಾಗರದಲ್ಲಿ ಆಹಾರ ಹುಡುಕುತ್ತ ಕಳೆದಿರುತ್ತದೆ. ಹಗಲು ರಾತ್ರಿ ಎನ್ನದೆ 500, 600 ಮೀಟರ್ ಆಳಕ್ಕೆ ಮತ್ತೆ ಮತ್ತೆ ಮುಳುಗಿ ಸಣ್ಣ ಮೀನುಗಳನ್ನೂ ಸ್ಕ್ವಿಡ್‌ಗಳನ್ನೂ ಹಿಡಿದು ತಿಂದು, ಚರ್ಮದಡಿಯ ಕೊಬ್ಬಿನ ಪದರವನ್ನು ತುಂಬಿಕೊಂಡಿರುತ್ತದೆ. ಆ ಕೊಬ್ಬೇ ಅದರ ಕಣಜ. ಹತ್ತೊಂಬತ್ತನೆಯ ಶತಮಾನದಲ್ಲಿ ಮನುಷ್ಯರು ಇದೇ ಕೊಬ್ಬನ್ನು ಕಾಯಿಸಿ ಎಣ್ಣೆ ತೆಗೆಯುವುದಕ್ಕಾಗಿ ಈ ಪ್ರಾಣಿಗಳನ್ನು ಕೊಂದರು. ಕೊನೆಗೆ ಮೆಕ್ಸಿಕೊದ ಗ್ವಾಡಲೂಪೆ ದ್ವೀಪದಲ್ಲಿ ಒಂದು ಸಣ್ಣ ಗುಂಪು ಮಾತ್ರ ಉಳಿದಿತ್ತು. ಇಂದು ಕಾಣುವ ಲಕ್ಷಕ್ಕೂ ಮಿಕ್ಕಿದ ಸೀಲುಗಳು ಆ ಗುಂಪಿನ ಸಂತತಿ.

ದೇಹದೊಳಗಿನ ಏರ್ಪಾಡು

ನೀರು ಕುಡಿಯದ ತಾಯಿ ಹಾಲಿಗೆ ನೀರನ್ನು ಎಲ್ಲಿಂದ ತರುತ್ತದೆ ಎಂಬುದು ವೈದ್ಯನ ಕುತೂಹಲವನ್ನು ಕೆರಳಿಸುವ ವಿಷಯ. ಕೊಬ್ಬು ದೇಹದಲ್ಲಿ ದಹಿಸಿದಾಗ ಶಕ್ತಿಯೊಡನೆ ನೀರೂ ಹುಟ್ಟುತ್ತದೆ. 1 ಗ್ರಾಂ ಕೊಬ್ಬಿನಿಂದ 1 ಗ್ರಾಮಿಗೂ ತುಸು ಹೆಚ್ಚು ನೀರು ದೊರೆಯುತ್ತದೆ. ತಾಯಿ ಆ ನೀರನ್ನೇ ನಂಬಿ ಬದುಕುತ್ತದೆ. ಮೂತ್ರವನ್ನು ಗಾಢವಾಗಿಸಿ ನೀರನ್ನು ಉಳಿಸಿಕೊಳ್ಳುತ್ತದೆ. ಮೂಗಿನೊಳಗಿನ ಸುರುಳಿಯಾಕಾರದ ತೆಳುಮೂಳೆಗಳು ಹೊರಹೋಗುವ ಉಸಿರನ್ನು ತಂಪಾಗಿಸಿ, ಅದರಲ್ಲಿನ ತೇವವನ್ನು ಮರಳಿ ಹಿಡಿದಿಡುತ್ತವೆ.

ಹಾಲಿನ ಗುಣವೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಹೆತ್ತ ಮೊದಲ ದಿನಗಳಲ್ಲಿ ಅದರಲ್ಲಿ ಕೊಬ್ಬಿನಂಶ ಪ್ರತಿಶತ 20ಕ್ಕೂ ಕಡಿಮೆ, ನೀರು ಹೆಚ್ಚು. ಕೊನೆಯ ವಾರಗಳಲ್ಲಿ ಕೊಬ್ಬು ಪ್ರತಿಶತ 50ನ್ನು ಮೀರುತ್ತದೆ. ಹೋಲಿಕೆಗೆ ಹೇಳುವುದಾದರೆ ಹಸುವಿನ ಹಾಲಿನಲ್ಲಿ ಕೊಬ್ಬು ಪ್ರತಿಶತ 4ರ ಆಸುಪಾಸು, ಎಮ್ಮೆಯ ಹಾಲಿನಲ್ಲಿ 7ರ ಆಸುಪಾಸು. ಹೀಗೆ ಹಾಲು ಗಟ್ಟಿಯಾಗುವುದರಿಂದ ಮರಿ ಬೇಗ ಕೊಬ್ಬಿ ಬೆಳೆಯುತ್ತದೆ; ತಾಯಿಯ ನೀರೂ ಉಳಿಯುತ್ತದೆ.

ಮತ್ತೊಂದು ಸಂಗತಿ ಇನ್ನೂ ಸೋಜಿಗದ್ದು. ಹಾಲೂಡಿಸುವ ಆನೆ ಸೀಲಿನ ರಕ್ತವನ್ನು ಪರೀಕ್ಷಿಸಿದಾಗ, ಸಕ್ಕರೆ ಕಾಯಿಲೆಯನ್ನು ಹೋಲುವ ಸ್ಥಿತಿ ಕಂಡುಬರುತ್ತದೆ. ಇನ್ಸುಲಿನ್ನಿನ ಪ್ರಭಾವ ತಗ್ಗಿರುತ್ತದೆ. ಇನ್ಸುಲಿನ್ ಕೊಬ್ಬನ್ನು ಕೂಡಿಡಲು ಹೇಳುವ ದ್ರವ್ಯವಾದುದರಿಂದ, ಅದು ತಗ್ಗಿದಾಗ ಕಣಜದ ಬಾಗಿಲು ತೆರೆದು ಕೊಬ್ಬು ಹಾಲಿನತ್ತ ಹರಿಯುತ್ತದೆ. ಮನುಷ್ಯರಲ್ಲಿ ರೋಗವೆನಿಸುವ ಸ್ಥಿತಿ ಅಲ್ಲಿ ಕೆಲವು ವಾರಗಳ ತಾತ್ಕಾಲಿಕ ಏರ್ಪಾಡು. ಆದರೆ ಈ ಏರ್ಪಾಡಿಗೂ ಮಿತಿಯಿದೆ. ಕೊಬ್ಬಿನ ಸಂಗ್ರಹ ಬರಿದಾಗುತ್ತ ಬಂದಂತೆ ದೇಹವು ತನ್ನ ಮಾಂಸದ ಪ್ರೋಟೀನನ್ನು ಕರಗಿಸತೊಡಗುತ್ತದೆ. ಸ್ನಾಯುಗಳಿಗೂ ಒಳ ಅಂಗಗಳಿಗೂ ಅಲ್ಲಿಂದ ಮುಂದೆ ಹಾನಿಯ ಆರಂಭ.

ನಾಲ್ಕೇ ದಿನಗಳ ಬಾಣಂತನ

ಹಾಗಾದರೆ ಹೆಚ್ಚು ದಿನ ಹಾಲೂಡಿಸುವುದೇ ಒಳ್ಳೆಯ ತಾಯ್ತನವೇ? ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯ ತೇಲುವ ಮಂಜುಗಡ್ಡೆಗಳ ಮೇಲೆ ಮರಿಹಾಕುವ ಹುಡೆಡ್ ಸೀಲ್ ಇದಕ್ಕೆ ಬೇರೆಯೇ ಉತ್ತರ ಕೊಡುತ್ತದೆ. ಡಾನ್ ಬೋವೆನ್, ಓಲಾವ್ ಆಫ್ಟೆಡಲ್ ಮತ್ತು ಡ್ಯಾರಿಲ್ ಬೋನೆಸ್ ಎಂಬ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಜಾತಿಯ ತಾಯಿ ಹಾಲೂಡಿಸುವುದು ಕೇವಲ 4 ದಿನ. ಸಸ್ತನಿಗಳಲ್ಲೆಲ್ಲ ಇದೇ ಅತ್ಯಂತ ಕಿರಿದಾದ ಅವಧಿ. ಹಾಲಿನಲ್ಲಿ ಕೊಬ್ಬು ಪ್ರತಿಶತ 60ರಷ್ಟು. ಮರಿ ದಿನಕ್ಕೆ ಸುಮಾರು 7 ಕೆ.ಜಿ. ತೂಕ ಗಳಿಸಿ, ನಾಲ್ಕನೆಯ ದಿನದ ಹೊತ್ತಿಗೆ ಹುಟ್ಟಿದಾಗಿನ ತೂಕದ ಇಮ್ಮಡಿಯಾಗುತ್ತದೆ.

ಇದರ ಕಾರಣವನ್ನು ತಿಳಿಯಲು ಮನೆಖರ್ಚಿನ ಹೋಲಿಕೆಯೊಂದು ಸಾಕು. ತಾಯಿ ದಡದ ಮೇಲಾಗಲಿ ಮಂಜಿನ ಮೇಲಾಗಲಿ ಹಸಿದು ಕುಳಿತ ಪ್ರತಿದಿನವೂ, ಹಾಲು ಕೊಟ್ಟರೂ ಕೊಡದಿದ್ದರೂ, ಅದರ ಸ್ವಂತ ದೇಹ ನಡೆಯಬೇಕು. ದಿನಗಳು ಹೆಚ್ಚಿದಷ್ಟೂ ಸಂಗ್ರಹದ ಹೆಚ್ಚಿನ ಪಾಲು ಆ ಮನೆಖರ್ಚಿಗೇ ಹೋಗುತ್ತದೆ. ಅದೇ ಸಂಗ್ರಹವನ್ನು ನಾಲ್ಕು ದಿನಗಳಲ್ಲಿ ಸುರಿದುಬಿಟ್ಟರೆ ಬಹುಪಾಲು ಮರಿಗೆ ಸಲ್ಲುತ್ತದೆ. ಯಾವ ಕ್ಷಣದಲ್ಲಿ ಬೇಕಾದರೂ ಒಡೆಯಬಹುದಾದ ಮಂಜಿನ ನೆಲದ ಮೇಲೆ ಕಾಲವೂ ಕಡಿಮೆ. ಇದೇ ಲೆಕ್ಕದಿಂದಾಗಿ ದೊಡ್ಡ ಮೈಯ ತಾಯಿಗೆ ಅನುಕೂಲ ಹೆಚ್ಚು. ತೂಕಕ್ಕೆ ಹೋಲಿಸಿದರೆ ಅದರ ಮನೆಖರ್ಚು ಕಡಿಮೆ, ಕಣಜ ದೊಡ್ಡದು.

ದುಡಿದು ತಂದು ಉಣಿಸುವವರು

ಎಲ್ಲ ಕಡಲ ತಾಯಂದಿರೂ ಕೂಡಿಟ್ಟುದನ್ನು ಕರಗಿಸಿ ಸಾಕುವವರಲ್ಲ. ದಕ್ಷಿಣ ಧ್ರುವದ ಕಡೆಯ ಸೌತ್ ಜಾರ್ಜಿಯಾ ದ್ವೀಪಗಳಲ್ಲಿರುವ ಅಂಟಾರ್ಕ್ಟಿಕ್ ತುಪ್ಪಳದ ಸೀಲಿನ ಮೈ ಚಿಕ್ಕದು, ಸಂಗ್ರಹವೂ ಚಿಕ್ಕದು. ಹೆತ್ತ ಮೇಲೆ ಅದು ಒಂದು ವಾರದಷ್ಟು ಕಾಲ ಮರಿಯೊಡನಿದ್ದು ಹಾಲೂಡಿಸಿ, ಅನಂತರ ಮರಿಯನ್ನು ದಡದಲ್ಲಿ ಬಿಟ್ಟು ಕಡಲಿಗೆ ಹೋಗುತ್ತದೆ. ಸಿಗಡಿಯನ್ನು ಹೋಲುವ ಕ್ರಿಲ್ ಎಂಬ ಸಣ್ಣ ಜೀವಿಗಳನ್ನು ಕೆಲವು ದಿನ ತಿಂದು, ಮರಳಿ ಬಂದು, ತನ್ನ ಮರಿಯನ್ನು ಕೂಗಿನಿಂದಲೂ ವಾಸನೆಯಿಂದಲೂ ಗುರುತಿಸಿ, ಒಂದೆರಡು ದಿನ ಹಾಲು ಕೊಟ್ಟು ಮತ್ತೆ ಹೊರಡುತ್ತದೆ. ಹೀಗೆ ಸುಮಾರು ನಾಲ್ಕು ತಿಂಗಳು. ಕ್ರಿಲ್ ಸಮೃದ್ಧವಾಗಿರುವ ವರ್ಷ ತಾಯಿ ಬೇಗ ಮರಳುತ್ತದೆ. ಕ್ರಿಲ್ ವಿರಳವಾದ ವರ್ಷ ತಾಯಿಯ ಪ್ರಯಾಣ ನೀಳವಾಗಿ, ಮರಿ ದಡದಲ್ಲಿ ಹಸಿದು ಸೊರಗುತ್ತದೆ.

ಗ್ಯಾಲಪಗೋಸ್ ದ್ವೀಪಗಳ ತುಪ್ಪಳದ ಸೀಲುಗಳ ಕಥೆ ಇನ್ನೂ ಕಠಿಣ. ಅಲ್ಲಿ ಮರಿಯೊಂದು ಎರಡು, ಮೂರು ವರ್ಷ ಹಾಲು ಕುಡಿಯುತ್ತದೆ. ದೊಡ್ಡ ಮರಿ ಇನ್ನೂ ಹಾಲು ಬಿಡದಿರುವಾಗಲೇ ಮತ್ತೊಂದು ಹುಟ್ಟಿದರೆ, ಒಂದೇ ತಾಯಿಯ ಹಾಲಿಗೆ ಇಬ್ಬರು ಪಾಲುದಾರರು. ಜರ್ಮನ್ ವಿಜ್ಞಾನಿ ಫ್ರಿಟ್ಜ್ ಟ್ರಿಲ್‌ಮಿಶ್ ಅವರ ದೀರ್ಘಕಾಲದ ವೀಕ್ಷಣೆಯಂತೆ, ಅಂಥ ಸಂದರ್ಭದಲ್ಲಿ ಕಿರಿಯದು ಸೊರಗಿ ಸಾಯುವುದೇ ಹೆಚ್ಚು. 1982 ಮತ್ತು 1983ರಲ್ಲಿ ಎಲ್ ನಿನೊ ಎಂಬ ಸಾಗರದ ಬಿಸಿಯೇರಿಕೆಯಿಂದ ಮೀನುಗಳು ದೂರ ಸರಿದಾಗ, 1982ರಲ್ಲಿ ಹುಟ್ಟಿದ ಮರಿಗಳು ಬಹುತೇಕ ಎಲ್ಲವೂ ಸತ್ತವು. ತಾಯಿಗೆ ಆಹಾರವಿಲ್ಲದಲ್ಲಿ ಎಷ್ಟು ಮಮತೆಯಿದ್ದರೂ ಹಾಲಿಲ್ಲ.

ಡಾಲ್ಫಿನ್ ತಾಯಿಯೂ ದಿನದಿನದ ಬೇಟೆಯನ್ನೇ ನಂಬಿದ್ದು. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ಮರಿಗಳು ಸಾಮಾನ್ಯವಾಗಿ ಮೂರು, ನಾಲ್ಕು ವರ್ಷ ತಾಯಿಯ ಹಾಲು ಕುಡಿಯುತ್ತವೆ. ತಾಯಿಯ ಆಹಾರದ ಅಗತ್ಯ ಆಗ ಬಹಳವಾಗಿ ಹೆಚ್ಚುತ್ತದೆ. ಎಳೆಯ ಮರಿಯಾದರೋ ತಾಯಿಯ ಪಕ್ಕಕ್ಕೆ ಅಂಟಿಕೊಂಡು, ತಾಯಿ ನೀರನ್ನು ಸೀಳುವಾಗ ಏಳುವ ಸೆಳೆತದಲ್ಲಿ ಹೆಚ್ಚು ಶ್ರಮವಿಲ್ಲದೆ ಸಾಗುತ್ತದೆ. ಆ ಶ್ರಮ ತಾಯಿಯ ಪಾಲಿಗೆ ಬರುತ್ತದೆ. ಅದರ ವೇಗ ಕುಗ್ಗುತ್ತದೆ. ಬಾಲದ ಒಂದೊಂದು ಬಡಿತಕ್ಕೆ ಸಾಗುವ ದೂರವೂ ಕಡಿಮೆಯಾಗುತ್ತದೆ. ಹೆಚ್ಚು ಆಹಾರ ಬೇಕಾದ ಕಾಲದಲ್ಲಿಯೇ ಅದನ್ನು ಹಿಡಿಯುವ ಸಾಮರ್ಥ್ಯ ಇಳಿದಿರುತ್ತದೆ. ಕಂಕುಳಲ್ಲಿ ಕೂಸನ್ನು ಹೊತ್ತು ಹೊಲಕ್ಕೆ ಹೋಗುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಿಮಿಂಗಿಲದ ವಿಶ್ರಾಂತಿ

ಜಗತ್ತಿನ ಅತಿ ದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲ ಆರೇಳು ತಿಂಗಳು ಹಾಲೂಡಿಸುತ್ತದೆ. ಅದರ ಮರಿ ದಿನವೊಂದಕ್ಕೆ ಸುಮಾರು 90 ಕೆ.ಜಿ. ತೂಕ ಗಳಿಸುತ್ತದೆಂದು ಅಂದಾಜು. ಅದನ್ನು ತಕ್ಕಡಿಗೆ ಏರಿಸಲು ಸಾಧ್ಯವಿಲ್ಲ. ಆದರೆ ಇತ್ತೀಚೆಗೆ ಡ್ರೋನ್‌ಗಳು ತಿಮಿಂಗಿಲಗಳನ್ನು ಅಳೆಯಲು ನೆರವಾಗಿವೆ. ದಕ್ಷಿಣ ಆಸ್ಟ್ರೇಲಿಯಾದ ಹೆಡ್ ಆಫ್ ಬೈಟ್ ಎಂಬ ಕೊಲ್ಲಿಯಲ್ಲಿ ಸದರ್ನ್ ರೈಟ್ ಎಂಬ ಜಾತಿಯ ತಾಯಿ ಮರಿಗಳನ್ನು ಮೇಲಿನಿಂದ ಮತ್ತೆ ಮತ್ತೆ ಚಿತ್ರಿಸಿ, ಉದ್ದ ಅಗಲಗಳಿಂದ ದೇಹದ ಗಾತ್ರವನ್ನು ಲೆಕ್ಕಹಾಕಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಏನೂ ತಿನ್ನದೆ ಹಾಲೂಡಿಸುವ ಸುಮಾರು ಮೂರು ತಿಂಗಳಲ್ಲಿ ತಾಯಿ ತನ್ನ ದೇಹದ ಗಾತ್ರದ ಕಾಲುಭಾಗವನ್ನು ಕಳೆದುಕೊಳ್ಳುತ್ತದೆ. ಮೈದುಂಬಿ ಬಂದ ತಾಯಿಯ ಮರಿ ಬೇಗ ಬೆಳೆಯುತ್ತದೆ; ಬಡಕಲಾಗಿ ಬಂದ ತಾಯಿಯ ಮರಿ ನಿಧಾನವಾಗಿ ಬೆಳೆಯುತ್ತದೆ.

ಈ ತಾಯಂದಿರು ಕೊಲ್ಲಿಯಲ್ಲಿ ಬಹುಪಾಲು ಹೊತ್ತು ಸುಮ್ಮನೆ ತೇಲುತ್ತಿರುತ್ತವೆ. ನೋಡಿದವರಿಗೆ ಸೋಮಾರಿತನವೆನಿಸಬಹುದು. ಅದು ಮಿತವ್ಯಯ. ಈಜಿನಲ್ಲಿ ಉಳಿಸಿದ ಶಕ್ತಿ ಹಾಲಿಗೆ ಸಲ್ಲುತ್ತದೆ. ಆದುದರಿಂದಲೇ ದೋಣಿಗಳು ಹತ್ತಿರ ಹೋಗಿ ಅವುಗಳನ್ನು ಬೆದರಿಸಬಾರದೆಂಬ ನಿಯಮಗಳಿವೆ.

ಇದರ ಸೋದರ ಜಾತಿಯಾದ ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲಗಳು ಈಗ 400ರ ಆಸುಪಾಸಿನಲ್ಲಿ ಮಾತ್ರ ಉಳಿದಿವೆ. ಹಿಂದೆ ಮೂರು, ನಾಲ್ಕು ವರ್ಷಕ್ಕೊಮ್ಮೆ ಮರಿ ಹಾಕುತ್ತಿದ್ದ ತಾಯಂದಿರು ಈಗ ಏಳರಿಂದ ಹತ್ತು ವರ್ಷಗಳ ಅಂತರದಲ್ಲಿ ಹೆರುತ್ತಿವೆ. ಮೀನುಗಾರಿಕೆಯ ಹಗ್ಗಗಳಲ್ಲಿ ಸಿಲುಕಿ, ಅವನ್ನು ಎಳೆದುಕೊಂಡೇ ಈಜುವ ಆಯಾಸದಲ್ಲಿ ಹಾಲಿಗೆ ಬೇಕಾದ ಕೊಬ್ಬು ಕರಗಿಹೋಗುತ್ತದೆ. ಕಣಜ ತುಂಬದೆ ಗರ್ಭ ನಿಲ್ಲುವುದಿಲ್ಲ.

ಮುಂದಿನ ವರ್ಷದ ಮೇಲಿನ ಸಾಲ

ಹಾಲಿನ ವೆಚ್ಚ ಹಾಲು ಬಿಡಿಸಿದ ದಿನಕ್ಕೆ ಮುಗಿಯುವುದಿಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ನಾರ್ತ್ ರೋನಾ ದ್ವೀಪದ ಬೂದು ಸೀಲುಗಳಲ್ಲಿ, ಒಂದು ವರ್ಷ ತನ್ನ ಶಕ್ತಿಗೆ ಮೀರಿ ವೆಚ್ಚಮಾಡಿದ ತಾಯಿ ಮರುವರ್ಷ ಮರಿ ಹಾಕದೆ ಉಳಿಯುವ ಸಂಭವ ಹೆಚ್ಚೆಂದು ಕಂಡುಬಂದಿದೆ. ಆನ್ಯೊ ನುಎವೊದ ಆನೆ ಸೀಲುಗಳಲ್ಲಿ, 3ನೆಯ ವಯಸ್ಸಿಗೇ ಮೊದಲ ಮರಿ ಹೆತ್ತವು 4ನೆಯ ವಯಸ್ಸಿಗೆ ಹೆತ್ತವುಗಳಿಗಿಂತ ಕಡಿಮೆ ಪ್ರಮಾಣದಲ್ಲಿ ಬದುಕುಳಿದವು. ತನ್ನ ಬೆಳವಣಿಗೆಯೇ ಮುಗಿಯದ ದೇಹಕ್ಕೆ ಮತ್ತೊಂದು ದೇಹವನ್ನು ಬೆಳೆಸುವ ಹೊರೆ ಬಿದ್ದರೆ ಎರಡೂ ಸೊರಗುತ್ತವೆ.

ಆದುದರಿಂದಲೇ ಪ್ರಕೃತಿ ತಾಯಿಯ ಕೊಡುಗೆಗೆ ಗಡಿಯನ್ನು ಹಾಕಿದೆ. ಸಂಗ್ರಹ ಕೆಳಮಟ್ಟಕ್ಕೆ ಇಳಿದಾಗ ಆನೆ ಸೀಲಿನ ತಾಯಿ ಮರಿಯನ್ನು ದಡದಲ್ಲಿಯೇ ಬಿಟ್ಟು ಕಡಲಿಗೆ ಹೊರಟುಹೋಗುತ್ತದೆ. ಬಿಟ್ಟುಹೋದ ಮರಿ ಎರಡು ತಿಂಗಳಿಗೂ ಹೆಚ್ಚು ಕಾಲ ತಾಯಿ ಕೊಟ್ಟ ಕೊಬ್ಬಿನ ಮೇಲೆಯೇ ಬದುಕಿ, ಈಜು ಕಲಿತು, ತಾನೇ ಕಡಲಿಗಿಳಿಯುತ್ತದೆ. ನಮ್ಮ ಕಣ್ಣಿಗೆ ಆ ತಾಯಿ ನಿರ್ದಯಿಯಾಗಿ ಕಾಣಬಹುದು. ಆದರೆ ತಾನೂ ಉಳಿಯಬೇಕು, ಹೋಗಿ ಉಣ್ಣಬೇಕು, ಮರುವರ್ಷ ಮತ್ತೆ ಹೆರಬೇಕು ಎಂಬ ಕಟ್ಟಳೆಗೆ ಅದು ಒಳಪಟ್ಟಿದೆ. ಇಲ್ಲದುದನ್ನು ಕೊಡೆಂದು ಪ್ರಕೃತಿ ಯಾವ ತಾಯಿಯನ್ನೂ ಕೇಳುವುದಿಲ್ಲ.

ನಮ್ಮ ಮನೆಯ ಬಾಣಂತಿ

ಮನುಷ್ಯ ತಾಯಿಗೆ ಆನೆ ಸೀಲಿನ ಕಣಜವಿಲ್ಲ. ಬಸುರಿನಲ್ಲಿ ಅವಳ ಮೈಯಲ್ಲಿ ಕೂಡುವ ಕೊಬ್ಬು ಕೆಲವೇ ಕಿಲೋಗ್ರಾಂ. ಅವಳು ತುಪ್ಪಳದ ಸೀಲಿನಂತೆ, ಡಾಲ್ಫಿನ್ನಿನಂತೆ, ದಿನದ ಆಹಾರದಿಂದಲೇ ಹಾಲು ಮಾಡಬೇಕಾದವಳು. ದಿನಕ್ಕೆ ಸುಮಾರು 750 ಮಿ.ಲೀ. ಹಾಲು ಅವಳಿಂದ ಹೋಗುತ್ತದೆ. ಅದಕ್ಕಾಗಿ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋಕ್ಯಾಲೊರಿ, ಮುಂದಿನ ಆರು ತಿಂಗಳು 520 ಕಿಲೋಕ್ಯಾಲೊರಿ ಹೆಚ್ಚುವರಿ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದೆ. ಅಂದರೆ ದಿನಕ್ಕೆ ಒಂದು ಊಟದಷ್ಟು ಹೆಚ್ಚು.

ಇಂದಿಗೂ ಕೆಲವು ಮನೆಗಳಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರು ಕಡಿಮೆ, ಕೂಸಿಗೆ ಶೀತವಾಗುತ್ತದೆಂದು ಸೊಪ್ಪು ಹಣ್ಣು ಇಲ್ಲ, ತಿಂಗಳುಗಟ್ಟಲೆ ಬರಿಯ ಅನ್ನ ಮತ್ತು ಮೆಣಸಿನ ಸಾರು. ಹೆರಿಗೆಯ ಮೊದಲ ಕೆಲವು ದಿನ ಅಗ್ನಿಯನ್ನು ನೋಡಿಕೊಂಡು ಲಘುವಾದ ಬಿಸಿ ಆಹಾರ ಕೊಡುವುದು ಯುಕ್ತವೇ. ಅದನ್ನು ತಿಂಗಳುಗಟ್ಟಲೆ ಎಳೆಯುವುದು ಶಾಸ್ತ್ರವೂ ಅಲ್ಲ, ವಿವೇಕವೂ ಅಲ್ಲ.

ತಾಯಿ ಅರೆಹೊಟ್ಟೆಯಲ್ಲಿದ್ದರೂ ಹಾಲು ಒಮ್ಮೆಲೇ ನಿಲ್ಲುವುದಿಲ್ಲವಾದುದರಿಂದ ಮನೆಯವರಿಗೆ ಏನೂ ತೋರುವುದಿಲ್ಲ. ಕೂಸು ದುಂಡಗಿದೆ, ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತಾರೆ. ಒಳಗೆ ಅವಳ ಮಾಂಸಖಂಡ ಕರಗುತ್ತಿರುತ್ತದೆ, ರಕ್ತ ತಿಳಿಯಾಗುತ್ತಿರುತ್ತದೆ. ಹಾಲೂಡಿಸುವ ತಿಂಗಳುಗಳಲ್ಲಿ ಎಲುಬಿನ ಸಾಂದ್ರತೆ ಪ್ರತಿಶತ 3ರಿಂದ 5ರಷ್ಟು ತಗ್ಗುವುದು ಸಹಜ. ಹಾಲು ಬಿಡಿಸಿದ ಮೇಲೆ ಅದು ಸಾಮಾನ್ಯವಾಗಿ ಮರಳಿ ತುಂಬುತ್ತದೆ. ತುಂಬಲು ಆಹಾರವೂ ಅವಕಾಶವೂ ಬೇಕು. ಕೆಲವು ಜೀವಸತ್ವಗಳು ತಾಯಿಯಲ್ಲಿ ಕಡಿಮೆಯಾದರೆ ಹಾಲಿನಲ್ಲಿಯೂ ಕಡಿಮೆಯಾಗುತ್ತವೆ. ಸಸ್ಯಾಹಾರಿಗಳಾದ ನಮ್ಮಲ್ಲಿ ಬಿ12 ಅಂಥದು. ಹಾಲು, ಮೊಸರು, ಮಜ್ಜಿಗೆಗಳೇ ಅದಕ್ಕೆ ನಮ್ಮ ಆಧಾರ. ಅವನ್ನು ಬಾಣಂತಿಗೆ ನಿಲ್ಲಿಸಬಾರದು. ಕೊರತೆ ಕಂಡರೆ ವೈದ್ಯರ ಸಲಹೆಯಂತೆ ಮಾತ್ರೆ ಕೊಡಿಸಬೇಕು.

ಕೊಡಬೇಕಾದುದು ದುಬಾರಿಯಾದುದೇನಲ್ಲ. ಜೋಳದ ರೊಟ್ಟಿ ಅಥವಾ ರಾಗಿ, ತೊಗರಿ ಮತ್ತು ಹೆಸರು ಬೇಳೆ, ಸಬ್ಬಸಿಗೆ, ಮೆಂತ್ಯ ಮತ್ತು ನುಗ್ಗೆಯ ಸೊಪ್ಪು, ಶೇಂಗಾ, ಎಳ್ಳು, ಒಣಕೊಬ್ಬರಿ, ಬೆಲ್ಲ, ಅಂಟಿನ ಉಂಡೆ, ಅಳ್ವಿಯ ಪಾಯಸ, ದಿನವೂ ಹಾಲು, ಬಾಯಾರಿದಾಗಲೆಲ್ಲ ನೀರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಸಿಹಿ ತುಪ್ಪಗಳ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಸರಕಾರದ ಕಬ್ಬಿಣದ ಮಾತ್ರೆಗಳು ಹೆರಿಗೆಯ ನಂತರವೂ ಆರು ತಿಂಗಳು ನಡೆಯಬೇಕು. ವ್ರತ ಉಪವಾಸಗಳಿಂದ ಹಾಲೂಡಿಸುವವಳಿಗೆ ವಿನಾಯಿತಿ ಇರಲಿ. ಸಂಜೆಯ ಹೊತ್ತು ಕೂಸನ್ನು ಎತ್ತಿಕೊಂಡು ಅವಳಿಗೆ ಒಂದು ಗಂಟೆ ಮಲಗಲು ಬಿಡುವುದೂ ಔಷಧಿಯೇ.

ಎರಡು ಮಾತುಗಳನ್ನು ಹಿರಿಯರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಬೆಳವಣಿಗೆ ಮುಗಿಯದ ಹುಡುಗಿಗೆ ಮದುವೆ ಮಾಡಿ ಬಸುರಿನ ಹೊರೆ ಹೊರಿಸಬೇಡಿ. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬರಿದಾದ ದೇಹ ಮತ್ತೆ ತುಂಬಿಕೊಳ್ಳಲು ಅಷ್ಟಾದರೂ ಕಾಲ ಬೇಕು.

ತಾಯಿಯನ್ನು ತ್ಯಾಗಮಯಿ ಎಂದು ಹೊಗಳುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಕಡಲ ತಾಯಿ ತಿಂಗಳುಗಟ್ಟಲೆ ತನಗಾಗಿ ದುಡಿದು ಕೂಡಿಟ್ಟು, ಆಮೇಲೆ ಹಸಿದು ಕೊಡುತ್ತದೆ. ನಮ್ಮ ಮನೆಯ ತಾಯಿಗೆ ಆ ಕಣಜವನ್ನು ದಿನದಿನವೂ ತುಂಬಿಕೊಡಬೇಕಾದವರು ಗಂಡ, ಅತ್ತೆ, ತವರಿನವರು, ಮನೆಯವರೆಲ್ಲರು. ಈ ಸಂಚಿಕೆಯನ್ನು ಓದುವವರ ಮನೆಯಲ್ಲಿ ಬಾಣಂತಿಯಿದ್ದರೆ, ಅವಳು ಇಂದು ಎಷ್ಟು ಹೊತ್ತಿಗೆ, ಏನು ಉಂಡಳು ಎಂದು ಒಮ್ಮೆ ಕೇಳಿ ನೋಡಿ.